ನೀರು ಕುಡಿಯದ ಕಾರು

ನಮ್ಮ ಮನೆಗೆ ಬಂದವರು ಯಾರೇ ಆಗಲಿ, ಹಿತ್ತಲಿನ ಶೆಡ್ಡಿನಲ್ಲಿ ನಿಂತಿರುವ ಕಾರಿಗೆ ಒಂದು ಸುತ್ತು ಹಾಕುತ್ತಾರೆ. ಮುಂದಿನ ಮುಚ್ಚಳ ಎತ್ತಿಸಿ ನೋಡುತ್ತಾರೆ. ಅಲ್ಲಿ ಸ್ಟೆಪ್ನಿ ಇರುತ್ತದೆ. ಹಿಂದಿನ ಮುಚ್ಚಳ ಎತ್ತಿಸಿ ನೋಡುತ್ತಾರೆ. ಅಲ್ಲಿ ಇಂಜಿನ್ ಇರುತ್ತದೆ. ಅಷ್ಟಾದ ಮೇಲೆ ಕೇಳುತ್ತಾರೆ: "ಇದಕ್ಕೆ ನೀರು ಎಲ್ಲಿ ಹಾಕೋದು?"

ಕೆ.ಜಿ.ಎಫ್.ನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಬೇತಮಂಗಲದ ನೀರು ನಲ್ಲಿಗೆ ಬರುವ ದಿನ ಹತ್ತಿರದವರ ಮದುವೆಗೂ ಹೋಗದೆ ಮನೆಯಲ್ಲೇ ಕೂರುವ ಜನ ನಾವು. ಹಸುವಿಗೆ, ಲಾರಿಗೆ, ಸಿಮೆಂಟಿಗೆ ಬೇಕಾದ ನೀರು ಈ ಕಾರಿಗೆ ಬೇಡವಂತೆ ಎಂದರೆ ಯಾರು ನಂಬುತ್ತಾರೆ? "ರೇಡಿಯೇಟರ್ ಇಲ್ಲ, ಗಾಳಿಯಲ್ಲೇ ತಣ್ಣಗಾಗುತ್ತೆ, ಮೋಟಾರ್ ಸೈಕಲ್ ಇಲ್ಲವೇ, ಹಾಗೆ" ಎಂದು ನಾನು ವಿವರಿಸುತ್ತೇನೆ. ತಲೆಯಾಡಿಸುತ್ತಾರೆ. ಹೋಗುವಾಗ ಗೇಟಿನ ಬಳಿ ನನ್ನ ಹೆಂಡತಿಯನ್ನು ಕೇಳುತ್ತಾರೆ: "ನಿಜವಾಗ್ಲೂ ನೀರು ಹಾಕಲ್ವೇನಮ್ಮಾ?"

ಅವರನ್ನು ಕಂಡು ನಾನು ನಗುವಂತಿಲ್ಲ. ಈ ಕಾರಿಗೆ ನೀರು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಗ ನನಗೆ ಐದು ವರ್ಷ. ಅಥವಾ ನಾಲ್ಕು. ಅಪ್ಪನ ತೊಡೆಯ ಮೇಲೆ ಕೂತಿದ್ದೇನೆ, ಸ್ಟೀರಿಂಗ್ ಚಕ್ರದ ಕೆಳಭಾಗ ನನ್ನ ಮೂಗಿಗೆ ತಾಗುವಷ್ಟು ಹತ್ತಿರ. ಬೇತಮಂಗಲದ ಕೆರೆ ಏರಿಯ ಮೇಲೆ ಕಾರು ನಿಲ್ಲುತ್ತದೆ. ಅಪ್ಪ ಇಳಿದು, ಪ್ಯಾಂಟು ಮಡಚಿ, ಡಬ್ಬದಲ್ಲಿ ಕೆರೆಯ ನೀರು ತಂದು ಇಂಜಿನ್ನಿಗೆ ಹೊಯ್ಯುತ್ತಾರೆ. ಬುಸ್ಸೆಂದು ಹಬೆ ಏಳುತ್ತದೆ. ನಾನು ಚಪ್ಪಾಳೆ ತಟ್ಟುತ್ತೇನೆ. ಡಬ್ಬದ ಮೇಲೆ ಬಿಸ್ಕತ್ತಿನ ಚಿತ್ರವಿತ್ತು ಎಂಬುದೂ ನನಗೆ ನೆನಪಿದೆ.

ಎರಡು ವರ್ಷದ ಹಿಂದೆ, ನೌಕರಿಯಿಂದ ನಿವೃತ್ತನಾಗಿ, ಜ್ಯಾಕು ಮತ್ತು ಎರಡು ಹಳೆಯ ಲಾರಿ ಟೈರುಗಳ ಸಹಾಯದಿಂದ ಇಂಜಿನ್ನನ್ನು ಕೆಳಗಿಳಿಸಿದಾಗ ಅದರ ಮೈಯೆಲ್ಲ ತಡವಿ ನೋಡಿದೆ. ನೀರು ಹೊಯ್ಯಲು ಬೆರಳು ತೂರುವಷ್ಟೂ ಜಾಗವಿಲ್ಲ. ಹಾಗಾದರೆ ಆ ಹಬೆ ಯಾವ ಕಾರಿನದು? ಆ ತೊಡೆ ಯಾರದು? ಒಂದು ವಾರ ನಾನು ಸ್ಪ್ಯಾನರ್ ಮುಟ್ಟಲಿಲ್ಲ.

"ನಿಂಗೆ ನಾನು ಅವತ್ತಿಂದ ಹೇಳ್ತಾ ಇಲ್ವೇನೋ ನಾಗ," ಎಂದಳು ಅಕ್ಕ ಫೋನಿನಲ್ಲಿ. "ನೀನು ಹುಟ್ಟೋ ಹೊತ್ತಿಗೆ ಅದು ನಾಲ್ಕು ಕಲ್ಲಿನ ಮೇಲೆ ನಿಂತಾಗಿತ್ತು. ಅದು ಓಡಿದ್ದನ್ನ ನಾನೇ ನೋಡಿಲ್ಲ, ನೀನೆಲ್ಲಿ ನೋಡ್ತೀಯ?"

ಅಕ್ಕ ಎಂದರೆ ಪ್ರಮೀಳಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಬದುಕಿಡೀ ರೈಲ್ವೆ ಟಿಕೆಟ್ ಕೊಡುವ ಕಿಂಡಿಯ ಹಿಂದೆ ಕೂತಿದ್ದವಳು. ಈಗ ಬಂಗಾರಪೇಟೆಯಲ್ಲಿ ಸ್ಟೇಷನ್ನಿನ ಹತ್ತಿರವೇ ಮನೆ. ಅವಳ ಮಾತಿಗೆ ಇಂದಿಗೂ ಕಿಂಡಿಯ ಚೌಕಟ್ಟು ಇದೆ: ಇದೆ ಎಂದರೆ ಇದೆ, ಇಲ್ಲ ಎಂದರೆ ಮುಂದಿನವರು ಬನ್ನಿ.

ಕಾರು ನಮಗೆ ಹೇಗೆ ಬಂತು ಎಂಬುದನ್ನಾದರೂ ನೆಟ್ಟಗೆ ಹೇಳೋಣವೆಂದರೆ ಅದೂ ಆಗುತ್ತಿಲ್ಲ. ಅಪ್ಪ ಗಣಿಯ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದರು. ಕಡಲಾಚೆಯ ತನ್ನ ಊರಿಗೆ ಹೊರಟ ಒಬ್ಬ ಬಿಳಿಯ ದೊರೆ ಇಂಜಿನಿಯರು ಈ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಪುಟ್ಟ ಕಾರನ್ನು ಅಪ್ಪನಿಗೆ ಬಿಟ್ಟುಹೋದ. ಅವನ ನಾಯಿಯನ್ನು ಕೊನೆತನಕ ಸಾಕಿದ್ದಕ್ಕೆ ಎಂದು ಅಮ್ಮ ಹೇಳುತ್ತಿದ್ದಳು. ನಕ್ಷೆಯೊಂದರಲ್ಲಿ ಅವನ ತಪ್ಪನ್ನು ಸದ್ದಿಲ್ಲದೆ ತಿದ್ದಿದ್ದಕ್ಕೆ ಎಂದು ಅಪ್ಪ. ಹಡಗಿಗೆ ಹಿಡಿಸಲಿಲ್ಲ, ಅದಕ್ಕೆ, ಎಂದು ಅಕ್ಕ. ಕಾರಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದ ಕೂಡಲೇ ಜನ ಕಾರು ನೋಡುವುದನ್ನು ಬಿಟ್ಟು ಫೋನಿನಲ್ಲಿ ಅದರ ಬೆಲೆ ಹುಡುಕಲು ಶುರುಮಾಡುತ್ತಾರೆ. ಅಕ್ಕನಿಗೂ ಯಾರೋ ಹಾಗೆ ಹುಡುಕಿಕೊಟ್ಟರು. ಹಳೆಯ ಕಾರುಗಳನ್ನು ಕೊಳ್ಳುವ ಚೆನ್ನೈನವರೊಬ್ಬರು ಅವಳಿಗೆ ಫೋನು ಮಾಡತೊಡಗಿದರು. ಅಪ್ಪನ ಕಾರಿನಲ್ಲಿ ಅವಳಿಗೂ ಅರ್ಧ ಪಾಲು.

ಅವಳು ಒಂದು ಷರತ್ತು ಹಾಕಿದಳು. "ಬರೋ ಭಾನುವಾರ ಮಧ್ಯಾಹ್ನ ಅವರು ಲಾರಿ ತರ್ತಾರಂತೆ. ಅಷ್ಟರೊಳಗೆ ಅದು ತನ್ನ ಕಾಲ ಮೇಲೆ ತಾನು ನನ್ನ ಮನೆ ಬಾಗಿಲಿಗೆ ಬಂದರೆ ಇಟ್ಕೋ. ಇಲ್ಲಾಂದ್ರೆ ಅವರಿಗೆ ಹೋಗಲಿ. ಷೋಕೇಸಿನಲ್ಲಿ ಇಡಕ್ಕೆ ಕಾರಾ ಅದು?"

ಹದಿನೈದು ಕಿಲೋಮೀಟರಿನಷ್ಟು ದಾರಿ. ಷರತ್ತು ನನಗೆ ಸುಲಭ ಎನ್ನಿಸಿತು. ಯಾಕೆಂದರೆ ಇಂಜಿನ್ ಅಷ್ಟು ಹೊತ್ತಿಗೆ ಶೆಡ್ಡಿನಲ್ಲಿ ಸೊಗಸಾಗಿ ಓಡುತ್ತಿತ್ತು. ನಾನು ಬುಲ್ಡೋಜರ್ ಮಾಡುವ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತು ವರ್ಷ ಕೂತವನು. ಬಿಚ್ಚಿದ ಪ್ರತಿ ತುಂಡಿನ ಚಿತ್ರ ಬರೆದು ಸಂಖ್ಯೆ ಕೊಟ್ಟಿದ್ದೆ. ಹಳೆಯ ಇಡ್ಲಿ ತಟ್ಟೆಗಳ ಗುಳಿಗಳಲ್ಲಿ ವಾಲ್ವಿನ ತುಂಡುಗಳನ್ನು ಸಾಲಾಗಿ ಇಟ್ಟಿದ್ದೆ. ಪಿಸ್ಟನ್ನುಗಳು ರಾಗಿ ಡಬ್ಬದಲ್ಲಿದ್ದವು. ರಾಗಿ ಎಲ್ಲಿತ್ತೋ ನಾನು ಕೇಳಿರಲಿಲ್ಲ. ಕೊಯಮತ್ತೂರಿನಿಂದ ರಿಂಗುಗಳು, ಪುಣೆಯಿಂದ ಕಾರ್ಬುರೇಟರಿನ ವಾಷರುಗಳು ಅಂಚೆಯಲ್ಲಿ ಬಂದವು. ಎಲ್ಲ ಕೂಡಿಸಿ, ಒರೆಸಿ, ಕೀಲಿ ತಿರುಗಿಸಿದ ದಿನ ಅದು ಕೆಮ್ಮಿ, ಸೀನಿ, ಟಕಟಕ ಎಂದು ಮಾತು ಶುರುಮಾಡಿದಾಗ, ಕ್ಯಾಸಂಬಳ್ಳಿಯ ಕಡೆಯವಳಾದ ನನ್ನ ಹೆಂಡತಿ ವನಜ ಅಡುಗೆಮನೆಯಿಂದ ಬಂದು, "ಅಬ್ಬ, ನಮ್ಮೂರ ಪಂಪ್‌ಸೆಟ್ಟೇ ಬಂದಂಗಾಯ್ತು" ಎಂದಳು. ಅದನ್ನು ಹೊಗಳಿಕೆ ಎಂದೇ ನಾನು ತಿಳಿದೆ.

ಬುಧವಾರ ಬೆಳಿಗ್ಗೆ ಹೊರಟೆವು. ವನಜ ಹೊಸ ಸೀರೆ ಉಟ್ಟಿದ್ದಳು. ಊರು ದಾಟುವತನಕ ಎಲ್ಲರೂ ಕೈಬೀಸಿದರು. ಅರ್ಧ ದಾರಿಯಲ್ಲಿ, ನೀಲಗಿರಿ ತೋಪಿನ ಪಕ್ಕದ ಏರಿನಲ್ಲಿ, ಕಾರಿಗೆ ಏನೋ ಬೇಸರವಾದಂತೆ ಕಂಡಿತು. ಕಾಲು ಒತ್ತಿದರೆ ವೇಗ ಏರಲಿಲ್ಲ. ಸುಟ್ಟ ಎಣ್ಣೆಯ ವಾಸನೆ ಬಂತು. ಸ್ಟೀರಿಂಗಿನ ಮುಂದೆ ಒಂದು ಕೆಂಪು ದೀಪ ಕಣ್ಣು ಮಿಟುಕಿಸಿತು. ಏರಿನ ನೆತ್ತಿಗೆ ಹತ್ತು ಮಾರು ಇರುವಾಗ ಅದು ನಿಂತೇಬಿಟ್ಟಿತು.

ಕ್ಯಾನುಗಳನ್ನು ಕಟ್ಟಿಕೊಂಡ ಹಾಲಿನವನೊಬ್ಬ ಬೈಕು ನಿಲ್ಲಿಸಿದ. "ಅಣ್ಣಾ, ಕಾದೋಗೈತೆ ಗಾಡಿ. ನೀರಾಕಾಣ ಇರು."

"ಇದಕ್ಕೆ ನೀರು ಹಾಕೋ ಜಾಗ ಇಲ್ಲಪ್ಪ."

"ಅದೇನು ಗಾಡಿನೋ! ಎಲ್ಲಾ ಗಾಡೀಗೂ ಇರ್ತೈತೆ, ಸರಿಯಾಗಿ ನೋಡಣ್ಣ." ಅವನೇ ಬಗ್ಗಿ ನೋಡಿದ, ಸುತ್ತು ಹಾಕಿ ನೋಡಿದ, ಸೋತ. ಆಮೇಲೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟ. "ಓಗ್ಲಿ, ನೀನಾದ್ರೂ ಕುಡಿ. ನಿನ್ ಮಕ ಗಾಡೀಗಿಂತ ಜಾಸ್ತಿ ಕಾದೈತೆ."

ಟೊಮೇಟೊ ಕ್ರೇಟು ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರ್ ನಮ್ಮನ್ನು ಹಗ್ಗ ಕಟ್ಟಿ ವಾಪಸು ಎಳೆದು ತಂದಿತು. ವನಜ ದಾರಿಯುದ್ದಕ್ಕೂ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ಊರು ದಾಟುವಾಗ ಬೆಳಿಗ್ಗೆ ಕೈಬೀಸಿದವರೇ ಮತ್ತೆ ಕೈಬೀಸಿದರು. ಬಸ್ಸಿನಲ್ಲಿದ್ದ ಯಾರೋ ನೋಡಿ ಹೇಳಿದ್ದರಂತೆ, ನಾವು ಮನೆ ಮುಟ್ಟುವ ಮೊದಲೇ ಅಕ್ಕನ ಫೋನು ಬಂತು.

"ಟ್ರ್ಯಾಕ್ಟರ್ ಹಿಂದೆ ಬರೋದನ್ನ ಬರೋದು ಅನ್ನಲ್ಲ ಕಣೋ. ಭಾನುವಾರ ಹನ್ನೆರಡು ಗಂಟೆ. ಆಮೇಲೆ ಕಿಂಡಿ ಮುಚ್ತೀನಿ."

ಗುರುವಾರ, ಶುಕ್ರವಾರ ನಾನು ಮಾಡಿದ್ದೆಲ್ಲ ತಪ್ಪು. ಎಣ್ಣೆ ಬದಲಿಸಿದೆ, ಫ್ಯಾನಿನ ಬೆಲ್ಟು ಬಿಗಿ ಮಾಡಿದೆ, ಸ್ಪಾರ್ಕ್ ಸರಿಮಾಡಿದೆ. ಶೆಡ್ಡಿನಲ್ಲಿ ಕಾಲು ಗಂಟೆ ಓಡಿಸಿದರೆ ಮತ್ತೆ ಅದೇ ವಾಸನೆ. ನನ್ನ ನಕ್ಷೆಗಳನ್ನು ನೆಲದ ಮೇಲೆ ಹರಡಿ, ಸಂಖ್ಯೆ ಸಂಖ್ಯೆಯಾಗಿ ತಾಳೆ ನೋಡಿದೆ. ಒಂದು ಸ್ಕ್ರೂ ಕೂಡ ಕಡಿಮೆಯಿರಲಿಲ್ಲ.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಆರೋಗ್ಯದಾಸ್ ಗೋಡೆಯ ಮೇಲಿಂದ ಇಣುಕಿದರು. ಎಪ್ಪತ್ತು ದಾಟಿದ ಮನುಷ್ಯ. ಗಣಿ ಮುಚ್ಚುವತನಕ ಅವರಿಗೆ ನೆಲದಡಿಯಲ್ಲಿ ಗಾಳಿಯ ಕೆಲಸ. ಮೈಲಿಗಟ್ಟಲೆ ಆಳದಲ್ಲಿ ಬಂಡೆಯೇ ಕೈ ಸುಡುವಷ್ಟು ಬಿಸಿ ಇರುತ್ತಿತ್ತಂತೆ. ಅಲ್ಲಿಗೆ ಮೇಲಿನಿಂದ ತಣ್ಣನೆಯ ಗಾಳಿ ಸರಿಯಾದ ದಾರಿಯಲ್ಲಿ ಹೋಗಿ, ಬಿಸಿ ಗಾಳಿ ಬೇರೆ ದಾರಿಯಲ್ಲಿ ಹೊರಗೆ ಬರುವಂತೆ ಬಾಗಿಲುಗಳನ್ನೂ ಪರದೆಗಳನ್ನೂ ನೋಡಿಕೊಳ್ಳುವುದು ಅವರ ಪಾಳಿ. ಇಂದಿಗೂ ಅವರು ಯಾರ ಮನೆಗೆ ಹೋದರೂ ಕೂರುವ ಮೊದಲು ಅಂಗೈಗೆ ನಾಲಿಗೆ ತಾಗಿಸಿ ಮೇಲೆತ್ತಿ ನೋಡುತ್ತಾರೆ. ಯಾವ ಕುರ್ಚಿ ತಂಪೆಂದು ಅವರಿಗೆ ಗೊತ್ತಾಗುತ್ತದೆ.

"ಮೂರು ದಿನದಿಂದ ಕೇಳ್ತಾ ಇದೀನಿ ಸಾರ್," ಎಂದರು. "ಗಾಡಿಗೆ ಮೂಚ್ಚು ಕಟ್ಟುತ್ತೆ."

ಮೂಚ್ಚು ಎಂದರೆ ಅವರ ತಮಿಳಿನಲ್ಲಿ ಉಸಿರು. "ಫ್ಯಾನ್ ಚೆನ್ನಾಗಿ ತಿರುಗ್ತಾ ಇದೆ ದಾಸ್," ಎಂದೆ.

"ಫ್ಯಾನ್ ತಿರುಗಿದ್ರೆ ಆಯ್ತಾ? ಎಲ್ಲಿಂದ ಎಳೀತದೆ, ಎಲ್ಲಿ ಬಿಡ್ತದೆ, ಅದು ನೋಡ್ಬೇಕಿಲ್ಲ? ಅಮ್ಮಾ, ಒಂದು ಊದುಬತ್ತಿ ಕೊಡಮ್ಮಾ."

ವನಜ ಬಾಗಿಲಲ್ಲೇ ನಿಂತು ಕೂಗಿದಳು: "ಪೆಟ್ರೋಲ್ ಐತೆ ಅದ್ರಾಗೆ! ಇಬ್ರೂ ಸೇರಿ ಮನೆ ಸುಡ್ತೀರಾ?"

"ನಾನು ದೂರ ಇಟ್ಕೋತೀನಿ ತಾಯೀ. ಗಣಿಯೊಳಗೇ ಹೊಗೆ ಬಿಟ್ಟು ನೋಡಿರೋನು ನಾನು."

ಕಾರನ್ನು ಬಯಲಿಗೆ ತಳ್ಳಿ ಇಂಜಿನ್ ಚಾಲೂ ಮಾಡಿದೆವು. ದಾಸ್ ನೆಲದ ಮೇಲೆ ಮಲಗಿ, ಕಾರಿನ ಹಿಂಬದಿಯ ಕೆಳಗೆ, ಕೈಚಾಚಿ ಊದುಬತ್ತಿ ಹಿಡಿದರು. ಬೀದಿಯಲ್ಲಿ ಹೋಗುತ್ತಿದ್ದ ತರಕಾರಿಯವಳು ನಿಂತು, ಚಪ್ಪಲಿ ಬಿಟ್ಟು, ಕೈಮುಗಿದು ಹೋದಳು. ಹೊಗೆ ಒಂದು ಕ್ಷಣ ಸುಮ್ಮನೆ ತೂಗಿ, ಆಮೇಲೆ ಯಾರೋ ಕರೆದಂತೆ ಸರ್ರನೆ ಮೇಲಕ್ಕೆ ಹೋಗಿ, ಇಂಜಿನ್ನಿನ ಅಂಚಿನ ಸಂದಿನಲ್ಲಿ ನುಗ್ಗಿ, ನೇರ ಫ್ಯಾನಿನ ಬಾಯಿಗೆ ಸೇರಿತು.

ದಾಸ್ ಎದ್ದು ಕೂತು ಮಂಡಿ ಕೊಡವಿಕೊಂಡರು. ಅಷ್ಟು ಸಂತೋಷದ ಮುಖವನ್ನು ನಾನು ಆ ವಾರ ಕಂಡಿರಲಿಲ್ಲ. "ನೋಡಿದ್ರಾ? ಕೆಳಗೆ ಬಿಟ್ಟ ಬಿಸಿ ಕಾತ್ತನ್ನೇ, ಬಿಸಿ ಗಾಳೀನೇ, ತಿರುಗಾ ಕುಡೀತಾ ಇದೆ. ಹೋಗೋ ಕಾತ್ತು, ಬರೋ ಕಾತ್ತು, ಎರಡೂ ಸೇರ್ಬಾರ್ದು ಸಾರ್. ಮಧ್ಯೆ ಬಾಗಿಲು ಇರ್ಬೇಕು. ಇಲ್ಲಿ ಬಾಗಿಲೇ ಇಲ್ಲ. ಯಾವನೋ ತೆಗೆದ್ಬಿಟ್ಟವನೆ. ಗಣಿಯಲ್ಲಿ ಇಂಥಾ ಕೆಲಸ ಮಾಡಿದ್ರೆ ಅವನಿಗೆ ಚೀಟಿ ಹರಿದು ಮನೆಗೆ ಕಳಿಸ್ತಿದ್ರು."

ಯಾವನೋ ಎಂದರೆ ನಾನೇ.

ಇಲ್ಲಿ ನಿಮಗೆ ತಗಡಿನ ವಿಷಯ ಹೇಳಬೇಕು. ಈ ಊರಿನಲ್ಲಿ ಚಪ್ಪಟೆಯಾದ ಯಾವ ತಗಡೂ ಕೆಲಸವಿಲ್ಲದೆ ಇರುವುದಿಲ್ಲ. ಗಣಿ ಕೆಲಸಗಾರರ ಲೈನು ಮನೆಗಳನ್ನು, ಬಡಿದು ಚಪ್ಪಟೆ ಮಾಡಿದ ಡಬ್ಬಗಳಿಂದಲೇ ತೇಪೆ ಹಾಕಿ ನಿಲ್ಲಿಸಿದ್ದರು. ಬಾಗಿಲ ಕೆಳಗಿನ ಸಂದು, ಬಚ್ಚಲ ಕಿಟಕಿ, ಬಕೆಟ್ಟಿನ ತಳ, ಎಲ್ಲಕ್ಕೂ ತಗಡು. ಅಪ್ಪ ಭಾನುವಾರಗಳಂದು ಕತ್ತರಿ ಹಿಡಿದು ಕೂರುತ್ತಿದ್ದರು. ಹಾಗಾಗಿ ಎರಡು ವರ್ಷದ ಹಿಂದೆ ಇಂಜಿನ್ನಿನ ಸುತ್ತ ಮೂರು ಕರಿ ತಗಡುಗಳು ಸ್ಕ್ರೂಗಳಿಂದ ಕೂತಿದ್ದು ಕಂಡಾಗ ನನಗೆ ಕೂಡಲೇ ಹೊಳೆದಿತ್ತು: ಇದು ಅಪ್ಪನ ಕೈಕೆಲಸ, ಇಲಿ ಬರದಿರಲಿ ಎಂದು ಹೊಡೆದದ್ದು. ಹೊಳೆದದ್ದಷ್ಟೇ ಅಲ್ಲ, ನೆನಪೇ ಬಂದುಬಿಟ್ಟಿತು. ಅಪ್ಪ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ತಗಡಿನ ಅಂಚು ಮಡಿಸುತ್ತಿರುವುದು. ಬಿಳಿ ಬನಿಯನ್ನು, ಬೆನ್ನಿನ ಮೇಲೆ ಬೆವರಿನ ಕಲೆ. ಕೆರೆ ಏರಿಯ ಹಬೆ ಸುಳ್ಳಾದ ಮೇಲೂ ನಾನು ಪಾಠ ಕಲಿತಿರಲಿಲ್ಲ. ಅಪ್ಪನ ತಗಡಿಗೆ ಕಂಪನಿಯ ತುಂಡಿನಂತೆ ಸಂಖ್ಯೆ ಯಾಕೆಂದು ನನ್ನ ನಕ್ಷೆಯಲ್ಲೇ ಅವನ್ನು ಸೇರಿಸಿರಲಿಲ್ಲ. ಬಿಚ್ಚಿ ಗೋಡೆಗೆ ಒರಗಿಸಿದ್ದೆ. ಗೋಡೆಗೆ ಒರಗಿಸಿದ ತಗಡು ನಮ್ಮ ಊರಿನಲ್ಲಿ ಎಷ್ಟು ದಿನ ಅಲ್ಲೇ ಇರುತ್ತದೆ?

"ಮೂರು ತಗಡು ಇದ್ದವು," ಎಂದೆ ಸಣ್ಣ ದನಿಯಲ್ಲಿ.

ವನಜ ನನ್ನನ್ನೇ ನೋಡಿದಳು. ಒಳಗೆ ಹೋಗಿ ನೀರಿನ ಡ್ರಮ್ಮಿನ ಮುಚ್ಚಳವನ್ನು ತಂದು ದಾಸ್ ಮುಂದೆ ಇಟ್ಟಳು. ಹಿತ್ತಲಿಗೆ ಹೋಗಿ ಕನಕಾಂಬರದ ಕುಂಡದ ಕೆಳಗಿನ ತಗಡನ್ನು ಎಳೆದು ತಂದಳು. "ಇನ್ನೊಂದು ಓದ ಮಳೆಗಾಲದಾಗೆ ಪಕ್ಕದ ಮನೇವ್ರು ಕೇಳಿದ್ರು, ಕೊಟ್ಟೆ," ಎಂದಳು.

ದಾಸ್ ಎರಡೂ ತಗಡುಗಳನ್ನು ತಿರುಗಿಸಿ ನೋಡುತ್ತಿದ್ದರು. "ಯಾವ ಪಕ್ಕದ ಮನೆಯಮ್ಮಾ?"

"ನಿಮ್ಮದೇ. ಕೋಳಿಗೂಡು ಸೋರ್ತೈತೆ ಅಂದಿದ್ರಲ್ಲ."

"ಅಯ್ಯೋ ಕಡವುಳೇ!" ಎಂದು ಅವರು ಗೋಡೆ ಸುತ್ತಿ ಓಡಿದರು. ಎರಡು ನಿಮಿಷ ಕೋಳಿಗಳ ಗಲಾಟೆ ಕೇಳಿಸಿತು.

ಮೂರೂ ತಗಡುಗಳನ್ನು ಉಜ್ಜಿದಾಗ ಒಂದರ ಅಂಚಿನಲ್ಲಿ ಜರ್ಮನಿಯ ಅಚ್ಚಿನ ಅಂಕಿಗಳು ಕಂಡವು. ಕಾರು ಮಾಡಿದವರೇ ಹಾಕಿದ್ದ ತಗಡು, ಅಪ್ಪ ಮುಟ್ಟಿದ್ದೇ ಇಲ್ಲ. ನಾನು ಬನಿಯನ್ನಿನ ಬೆವರಿನ ಕಲೆಯನ್ನು ಎಲ್ಲಿಂದ ತಂದೆನೋ. ತಗಡು ಕೂರಿಸಿ, ಉಳಿದ ಸಂದುಗಳಿಗೆ ಹಳೆಯ ಸೈಕಲ್ ಟ್ಯೂಬು ಸೀಳಿ ಪಟ್ಟಿ ಕೊಟ್ಟೆವು. ದಾಸ್ ಇನ್ನೊಂದು ಊದುಬತ್ತಿ ಹಚ್ಚಿದರು. ಈ ಸಲ ಹೊಗೆ ಮೇಲೇರಲು ನೋಡಿ, ದಾರಿ ಸಿಗದೆ, ನೆಲದ ಗುಂಟ ಹರಿದು ಬೇಲಿಯ ಕಡೆ ಹೋಯಿತು. ಡ್ರಮ್ಮಿಗೆ ವನಜ ಮೊರ ಮುಚ್ಚಿದಳು. ಕೋಳಿಗಳಿಗೆ ನಾನು ನನ್ನ ನಕ್ಷೆಗಳ ಮೇಲಿದ್ದ ಪ್ಲಾಸ್ಟಿಕ್ ಹಾಳೆ ಕೊಟ್ಟೆ.

ಭಾನುವಾರ ದಾಸ್ ನನ್ನ ಪಕ್ಕ ಕೂತರು. ಚರ್ಚಿಗೆ ಹೋಗುವ ಬಿಳಿ ಅಂಗಿ. ವನಜ "ನಾನು ಬಸ್ನಾಗೆ ಬತ್ತೀನಿ, ನಂಗೆ ಸೀರೆ ಮುಖ್ಯ" ಎಂದು ಮೊದಲೇ ಹೊರಟಿದ್ದಳು. ಊರ ಹೊರಗೆ ಅವಳ ಬಸ್ಸು ನಮ್ಮನ್ನು ಹಿಂದೆ ಹಾಕಿತು. ಕಿಟಕಿಯಿಂದ ಅವಳು ನಮ್ಮನ್ನು ಗುರುತೇ ಇಲ್ಲದವಳಂತೆ ನೋಡಿದಳು. ನೀಲಗಿರಿ ತೋಪು ಬಂತು. ನನ್ನ ಕಣ್ಣು ಆ ಕೆಂಪು ದೀಪದ ಮೇಲೆ. ದಾಸ್ ಕೈಯನ್ನು ಕಿಟಕಿಯ ಹೊರಗೆ ಚಾಚಿ, ಹಿಂದಕ್ಕೆ ತಿರುಗಿಸಿ, ಇಂಜಿನ್ನಿಗೆ ಗಾಳಿ ಎಳೆಯುವ ಸೀಳುಗಳ ಹತ್ತಿರ ಹಿಡಿಯಲು ಒದ್ದಾಡುತ್ತಿದ್ದರು.

"ಏನಾಗ್ತಿದೆ ದಾಸ್?"

"ಒಳ್ಳೆ ಕಾತ್ತು ಸಾರ್. ಓಡ್ಸಿ."

ಏರಿನ ನೆತ್ತಿ ದಾಟಿತು. ದೀಪ ಮಿಟುಕಲಿಲ್ಲ. ಮಾತಾಡಿದರೆ ಇಂಜಿನ್ನಿಗೆ ಕೇಳಿಸೀತು ಎಂಬ ಭಯ ಇಬ್ಬರಿಗೂ.

ಬಂಗಾರಪೇಟೆಯ ಪೇಟೆ ಬೀದಿಯಲ್ಲಿ ಹಣ್ಣಿನ ಗಾಡಿಗಳ ನಡುವೆ ಆಮೆಯಂತೆ ನುಸುಳಿ, ಅಕ್ಕನ ಗಲ್ಲಿಗೆ ತಿರುಗಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಅವಳು ಗೇಟಿನಲ್ಲಿ ವಾಚು ನೋಡುತ್ತ ನಿಂತಿದ್ದಳು. ವನಜ ಆಗಲೇ ಅವಳ ಮನೆಯ ಕಾಫಿ ಕುಡಿಯುತ್ತಿದ್ದಳು. ಪಕ್ಕದ ಮನೆಯ ಸುಶೀಲಮ್ಮ ಕಾಂಪೌಂಡಿಗೆ ಮೊಣಕೈ ಊರಿದ್ದರು.

ಅಕ್ಕ ನನ್ನ ಕಡೆ ನೋಡಲಿಲ್ಲ. ಕಾರಿನ ಹಿಂದೆ ಹೋಗಿ ಮುಚ್ಚಳದ ಮೇಲೆ ಅಂಗೈ ಇಟ್ಟಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದಳು. ಆಮೇಲೆ ಮುಂದೆ ಬಂದು ದಾಸ್ ಕಡೆಯ ಬಾಗಿಲು ತೆಗೆದಳು. "ಇಳೀರಿ, ಕಾಫಿ ಕುಡೀರಿ," ಎಂದು ಅವರನ್ನು ಇಳಿಸಿ, ಮಂಡಿ ಹಿಡಿದುಕೊಂಡು, ಕೆಳಗಿರುವ ಆ ಸೀಟಿಗೆ ತಾನೇ ಇಳಿದು ಕೂತಳು.

"ಆಗಿನ ಕಾಲದಲ್ಲಿ ಓಡ್ತಿತ್ತೇನ್ರೀ ಇದು?" ಸುಶೀಲಮ್ಮ ಕೇಳಿದರು.

"ಓಡ್ತಿತ್ತಾ ಅಂತ ಕೇಳ್ತೀರಲ್ಲ!" ಅಕ್ಕನಿಗೆ ಸಿಟ್ಟೇ ಬಂತು. "ನಾನು ಕಾಲೇಜಿಗೆ ಹೋಗುವಾಗ ಅಪ್ಪ ದಿನಾ ಇದರಲ್ಲೇ ಸ್ಟೇಷನ್ನಿಗೆ ಬಿಡ್ತಿದ್ರು. ಇದೇ ಸೀಟು. ನನ್ನ ಪುಸ್ತಕ ಇಲ್ಲಿ ಇಡ್ತಿದ್ದೆ."

ನಾನು ಬಾಯಿ ತೆರೆದೆ. ಅವಳು ಕಾಲೇಜಿಗೆ ಹೋದದ್ದು ನನಗೆ ಆರು ತುಂಬಿದ ಮೇಲೆ. ಆಗ ಕಾರು, ಅವಳದೇ ಮಾತಿನ ಪ್ರಕಾರ, ಕಲ್ಲಿನ ಮೇಲಿತ್ತು. ಅವಳು ಕೈ ಇಟ್ಟು ತೋರಿಸಿದ ಜಾಗದಲ್ಲಿ ಒಂದು ಪುಟ್ಟ ಹಲಗೆ ನಿಜವಾಗಿಯೂ ಇತ್ತು, ಎರಡು ನೋಟ್‌ಬುಕ್ಕು ಹಿಡಿಸುವಷ್ಟು. ಅವಳ ಮುಖ ನೋಡಿದೆ. ಬಾಯಿ ಮುಚ್ಚಿಕೊಂಡು ಗೇರ್ ಹಾಕಿದೆ.

ಗಲ್ಲಿ ದಾಟುವಷ್ಟರಲ್ಲಿ ಅವಳ ಚೀಲದಲ್ಲಿ ಫೋನು ಬಡಿದುಕೊಂಡಿತು. ಚೆನ್ನೈನವರು. ಲಾರಿ ಊರೊಳಗೆ ಬಂದಿದೆ, ಮನೆ ಎಲ್ಲಿ ಎಂದು ಕೇಳುತ್ತಿದ್ದದ್ದು ನನಗೂ ಕೇಳಿಸಿತು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ. ಅಕ್ಕ ನನ್ನ ಮಂಡಿಗೆ ಒಂದು ಏಟು ಕೊಟ್ಟು, ಮುಂದೆ ಹೋಗು ಎಂದು ಬೆರಳಲ್ಲಿ ತೋರಿಸಿದಳು.

"ಕಾರಾ? ಕಾರು ಮನೇಲಿಲ್ಲಪ್ಪ," ಎಂದಳು ಫೋನಿಗೆ, ಹಳೆಯ ಕಿಂಡಿಯ ದನಿಯಲ್ಲಿ. "ಆಚೆ ಹೋಗಿದೆ. ಯಾವಾಗ ಬರುತ್ತೆ ಅಂತ ಹೇಳಕ್ಕಾಗಲ್ಲ."